ವಾಡಿ ಸಿಮೆಂಟ್ ಕಾರ್ಖಾನೆ ಭೇಟಿ: ವಿದ್ಯಾರ್ಥಿಗಳು ಏನು ನೋಡಬೇಕು, ಏನು ಕೇಳಬೇಕು?

ಯಡ್ರಾಮಿ: ತಾಲೂಕಿನ ಶಾಲಾ-ಕಾಲೇಜು ವಿಜ್ಞಾನ ಸಂಘಗಳಿಗೆ ಜಿಲ್ಲೆಯೊಳಗೇ ನೋಡಲು ಸಿಗುವ ದೊಡ್ಡ ಕಾರ್ಖಾನೆಗಳಲ್ಲಿ ಚಿತ್ತಾಪುರ ತಾಲೂಕಿನ ವಾಡಿಯ ಎಸಿಸಿ ಒಂದು. ಶುರುವಾಗಿದ್ದು 1968ರಲ್ಲಿ. ಈ ಭಾಗದ ಸುಣ್ಣದ ಕಲ್ಲೇ ಅದರ ಕಚ್ಚಾ ಮಾಲು.

ನೋಡಬೇಕಾದ್ದು: ಕಲ್ಲು ಪುಡಿ ಮಾಡಿ, ತಿರುಗುವ ಕುಲುಮೆಯಲ್ಲಿ ಸುಮಾರು 1,450 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಡ್ತಾರೆ. ಹೊರಬರುವ ಗಟ್ಟಿ ಉಂಡೆಗಳೇ ಕ್ಲಿಂಕರ್. ಜಿಪ್ಸಂ ಸೇರಿಸಿ ಅರೆದರೆ ಸಿಮೆಂಟ್. ಜಿಪ್ಸಂ ಇಲ್ಲಂದ್ರೆ ನೀರು ಬಿದ್ದ ಕೂಡಲೇ ಗಟ್ಟಿಯಾಗಿಬಿಡ್ತದೆ.

ಹೋಗುವ ಮುನ್ನ: ಕಾರ್ಖಾನೆಯ ಅನುಮತಿ ಪತ್ರ ಪಡೀಬೇಕು. ಕಾಲಿಗೆ ಬೂಟು, ತಲೆಗೆ ಹೆಲ್ಮೆಟ್ ಇರಲಿ.

ಕೇಳಬೇಕಾದ್ದು: ಬರೀ ಫೋಟೊ ತೆಗೆಸ್ಕೊಂಡು ಬಂದ್ರೆ ಸಾಲದು. ಧೂಳು ಹೇಗೆ ತಡೀತಾರೆ? ಐಟಿಐ ಮಾಡಿದವರಿಗೆ 1961ರ ಅಪ್ರೆಂಟಿಸ್ ಕಾಯ್ದೆಯಡಿ ತರಬೇತಿ ಸೀಟು ಎಷ್ಟು, ಅರ್ಜಿ ಯಾವಾಗ? ಕೆಲಸ ಹುಡುಕಿ ಪುಣೆ, ಮುಂಬೈ ಬಸ್ ಹತ್ತುವ ಹುಡುಗರಿಗೆ ಈ ಉತ್ತರವೇ ಮುಖ್ಯ.