ವೈದ್ಯಕೀಯ-ಕಾನೂನು ಪ್ರಕರಣಗಳು (ಎಂ.ಎಲ್.ಸಿ.): ತುರ್ತು ಚಿಕಿತ್ಸಾ ವೈದ್ಯರ ಕರ್ತವ್ಯಗಳು ಹಾಗೂ ಸಾರ್ವಜನಿಕರಿಗೆ ಮಾಹಿತಿ

ರಸ್ತೆ ಅಪಘಾತ, ಹಲ್ಲೆ, ವಿಷಸೇವನೆ, ಸುಟ್ಟ ಗಾಯ, ಲೈಂಗಿಕ ದೌರ್ಜನ್ಯ ಮುಂತಾದ ಸಂದರ್ಭಗಳಲ್ಲಿ ಚಿಕಿತ್ಸೆಯೊಂದಿಗೆ ಪೊಲೀಸ್ ತನಿಖೆಯೂ ಅಗತ್ಯವಾಗಬಹುದು. ಇವುಗಳನ್ನು ಆಸ್ಪತ್ರೆಯಲ್ಲಿ ಎಂ.ಎಲ್.ಸಿ. ಎಂದು ದಾಖಲಿಸಲಾಗುತ್ತದೆ. ಪಾಲಹಳ್ಳಿ ಹಾಗೂ ಶ್ರೀರಂಗಪಟ್ಟಣ ತಾಲ್ಲೂಕಿನ ಇತರ ಗ್ರಾಮಗಳ ಸಾರ್ವಜನಿಕರ ತಿಳಿವಳಿಕೆಗಾಗಿ ಈ ಕೆಳಗಿನ ಮಾಹಿತಿಯನ್ನು ನೀಡಲಾಗಿದೆ.

1. ಮೊದಲು ಚಿಕಿತ್ಸೆ
ಪೊಲೀಸರು ಬರುವವರೆಗೆ ಚಿಕಿತ್ಸೆಯನ್ನು ತಡೆಹಿಡಿಯುವಂತಿಲ್ಲ. ಗಾಯಾಳುವಿನ ಪ್ರಾಣರಕ್ಷಣೆಯು ಸರ್ಕಾರಿ ಹಾಗೂ ಖಾಸಗಿ ವೈದ್ಯರೆಲ್ಲರ ಕರ್ತವ್ಯವೆಂದು ಸರ್ವೋಚ್ಚ ನ್ಯಾಯಾಲಯವು 1989ರಲ್ಲಿ ಪರಮಾನಂದ ಕಟಾರಾ ಪ್ರಕರಣದಲ್ಲಿ ತೀರ್ಪು ನೀಡಿದೆ. ಮೋಟಾರು ವಾಹನ ಕಾಯ್ದೆಯ 134ನೇ ಕಲಮು ಸಹ ಇದನ್ನೇ ವಿಧಿಸುತ್ತದೆ.

2. ವೈದ್ಯರು ಅನುಸರಿಸಬೇಕಾದ ಕ್ರಮ
ಅ) ಎಂ.ಎಲ್.ಸಿ. ವಹಿಯಲ್ಲಿ ಗಾಯಾಳುವಿನ ವಿವರ, ಗುರುತಿನ ಚಿಹ್ನೆ, ಕರೆತಂದವರು, ತಪಾಸಣೆಯ ದಿನಾಂಕ ಮತ್ತು ವೇಳೆಯನ್ನು ನಮೂದಿಸುವುದು.
ಆ) ಪ್ರತಿ ಗಾಯದ ಸ್ಥಳ, ಅಳತೆ ಮತ್ತು ಸ್ವರೂಪವನ್ನು ಬರೆಯುವುದು.
ಇ) ಪೊಲೀಸ್ ಠಾಣೆಗೆ ಲಿಖಿತ ಸೂಚನೆ ಕಳುಹಿಸುವುದು.
ಈ) ರಕ್ತಸಿಕ್ತ ಬಟ್ಟೆ, ವಿಷಪ್ರಕರಣದಲ್ಲಿ ಹೊಟ್ಟೆ ತೊಳೆದ ದ್ರವ ಮುಂತಾದವನ್ನು ಮೊಹರು ಮಾಡಿ ಪೊಲೀಸರಿಗೆ ಒಪ್ಪಿಸುವುದು.

ವೇಳೆ ಅಥವಾ ಅಳತೆ ನಮೂದಾಗದ ಗಾಯ ಪ್ರಮಾಣಪತ್ರವು ಮುಂದೆ ನ್ಯಾಯಾಲಯದಲ್ಲಿ ದುರ್ಬಲವಾಗಿ, ಅದರ ನಷ್ಟವು ಗಾಯಾಳುವಿಗೇ ತಟ್ಟುತ್ತದೆ.

3. ಲೈಂಗಿಕ ದೌರ್ಜನ್ಯ ಪ್ರಕರಣಗಳು
ಪೊಲೀಸರು ಕಳುಹಿಸಿಲ್ಲವೆಂಬ ಕಾರಣಕ್ಕೆ ಗ್ರಾಮೀಣ ಸರ್ಕಾರಿ ಆಸ್ಪತ್ರೆಗಳಲ್ಲಿ ತಪಾಸಣೆ ನಿರಾಕರಿಸುವುದನ್ನು ಸರ್ವೋಚ್ಚ ನ್ಯಾಯಾಲಯವು 2000ರಲ್ಲಿ, ಕರ್ನಾಟಕ ರಾಜ್ಯದ ಮೇಲ್ಮನವಿಯೊಂದರ ತೀರ್ಪಿನಲ್ಲಿ ಆಕ್ಷೇಪಿಸಿತು. ವಿಳಂಬದಿಂದ ಸಾಕ್ಷ್ಯವು ನಾಶವಾಗುತ್ತದೆ. ಆದುದರಿಂದ ಸಂತ್ರಸ್ತೆಯು ನೇರವಾಗಿ ಆಸ್ಪತ್ರೆಗೆ ಬರಬಹುದು. ತಪಾಸಣೆಗೆ ಆಕೆಯ ಒಪ್ಪಿಗೆ ಅವಶ್ಯ. ಅಪ್ರಾಪ್ತೆಯಾಗಿದ್ದಲ್ಲಿ ಆಕೆಯ ಪರವಾಗಿ ಒಪ್ಪಿಗೆ ನೀಡಲು ಅರ್ಹರಾದವರ ಒಪ್ಪಿಗೆ ಪಡೆಯಲಾಗುವುದು. ದಿನಾಂಕ 1-7-2024ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 397ನೇ ಕಲಮಿನಂತೆ ಸರ್ಕಾರಿ ಹಾಗೂ ಖಾಸಗಿ ಆಸ್ಪತ್ರೆಗಳೆಲ್ಲವೂ ಅತ್ಯಾಚಾರ ಮತ್ತು ಆಮ್ಲದಾಳಿ ಸಂತ್ರಸ್ತರಿಗೆ ಉಚಿತ ಚಿಕಿತ್ಸೆ ನೀಡತಕ್ಕದ್ದು.

4. ಸಾರ್ವಜನಿಕರು ಗಮನಿಸಬೇಕಾದ ಅಂಶಗಳು
* ಎಂ.ಎಲ್.ಸಿ. ದಾಖಲೆಯು ಎಫ್.ಐ.ಆರ್. ಅಲ್ಲ. ದೂರನ್ನು ಠಾಣೆಯಲ್ಲಿ ಪ್ರತ್ಯೇಕವಾಗಿ ನೀಡಿ ಎಫ್.ಐ.ಆರ್. ಪ್ರತಿಯನ್ನು ಉಚಿತವಾಗಿ ಪಡೆಯಬಹುದು.
* ಮಂಡ್ಯದ ಮಿಮ್ಸ್ ಅಥವಾ ಮೈಸೂರಿನ ಕೆ.ಆರ್. ಆಸ್ಪತ್ರೆಗೆ ಕಳುಹಿಸಿದಲ್ಲಿ, ಎಂ.ಎಲ್.ಸಿ. ಸಂಖ್ಯೆ ನಮೂದಿಸಿದ ಶಿಫಾರಸು ಚೀಟಿಯನ್ನು ಕೇಳಿ ಪಡೆಯುವುದು.
* ಗಾಯಾಳುವಿನ ಬಟ್ಟೆಗಳನ್ನು ಒಗೆಯಬಾರದು. ವಿಷದ ಡಬ್ಬಿಯನ್ನು ಜೊತೆಯಲ್ಲಿ ತರುವುದು.
* ಅಪಘಾತದ ಗಾಯಾಳುವನ್ನು ಸದ್ಭಾವನೆಯಿಂದ ಕರೆತಂದವರಿಗೆ ಮೋಟಾರು ವಾಹನ ಕಾಯ್ದೆಯ 134ಎ ಕಲಮಿನಡಿ ರಕ್ಷಣೆಯಿದೆ. ಪೊಲೀಸ್ ಭಯದಿಂದ ಗಾಯಾಳುವನ್ನು ರಸ್ತೆಯಲ್ಲಿ ಬಿಟ್ಟು ಹೋಗಬಾರದಾಗಿ ಕೋರಲಾಗಿದೆ.

ಆಂಬ್ಯುಲೆನ್ಸ್‌ಗಾಗಿ 108, ಪೊಲೀಸ್ ನೆರವಿಗಾಗಿ 112 ಸಂಖ್ಯೆಗೆ ಕರೆ ಮಾಡುವುದು.