ಸೈಕಲ್ ಏರಿ ಭಾರತ ಸುತ್ತಿದ ಫ್ಯಾನಿ ವರ್ಕ್‌ಮನ್

ಮಾಣಿ ಕವಲುದಾರಿಯ ಊರು. ಮಂಗಳೂರಿನಿಂದ ಬರುವ ಹೆದ್ದಾರಿ ಇಲ್ಲಿ ಎರಡಾಗುತ್ತದೆ. ಒಂದು ಉಪ್ಪಿನಂಗಡಿ, ಶಿರಾಡಿ ಘಾಟಿ ದಾಟಿ ಬೆಂಗಳೂರಿಗೆ ಹೋದರೆ, ಇನ್ನೊಂದು ಪುತ್ತೂರು, ಸುಳ್ಯ, ಮಡಿಕೇರಿ ಹಾದು ಮೈಸೂರು ಸೇರುತ್ತದೆ. ಬೆಳಗ್ಗೆ ಇಲ್ಲಿ ನಿಂತರೆ, ಬುರ್ಖಾ ಧರಿಸಿದ ತಾಯಿ ಸ್ಕೂಟರ್‌ನಲ್ಲಿ ಮಕ್ಕಳನ್ನು ಕೂರಿಸಿಕೊಂಡು ಶಾಲೆಗೆ ಹೋಗುವುದನ್ನು ನೋಡಬಹುದು. ಯಾರೂ ಅವಳನ್ನು ತಿರುಗಿ ನೋಡುವುದಿಲ್ಲ. ಆದರೆ ಹೀಗೆ ಯಾರೂ ತಿರುಗಿ ನೋಡದಂಥ ಸ್ಥಿತಿ ತಾನಾಗಿ ಬಂದುದಲ್ಲ. ನಮ್ಮ ತಾಯಂದಿರ ಕಾಲದಲ್ಲಿ ಹೆಣ್ಣು ಮಗಳೊಬ್ಬಳು ಸೈಕಲ್ ತುಳಿದರೆ ಅದು ಊರಿನ ಬಾಯಿಗೆ ಬೀಳುವ ಸುದ್ದಿಯಾಗಿತ್ತು. ಹೆಣ್ಣು ಸವಾರಿ ಮಾಡುವುದೆಂದರೆ ಪಾಶ್ಚಾತ್ಯರ ಅನುಕರಣೆ ಎಂದು ಹೇಳುವವರೂ ಇದ್ದರು.

ಹಾಗಾದರೆ ಪಾಶ್ಚಾತ್ಯರು ತಮ್ಮ ಹೆಣ್ಣುಮಕ್ಕಳಿಗೆ ಸೈಕಲನ್ನು ಸಂತೋಷದಿಂದ ಕೊಟ್ಟರೇ? ಇತಿಹಾಸ ಬೇರೆಯೇ ಕತೆ ಹೇಳುತ್ತದೆ.

ಗೇಲಿ, ಹೆದರಿಕೆ, ವಿರೋಧ

ಮುಂದೆ ದೊಡ್ಡ ಚಕ್ರ, ಹಿಂದೆ ಸಣ್ಣ ಚಕ್ರ ಇದ್ದ ಹಳೆಯ ಸೈಕಲ್ ಸಾಹಸಿ ಗಂಡಸರ ಆಟಿಕೆಯಾಗಿತ್ತು. 1885ರಲ್ಲಿ ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿ ಎರಡೂ ಚಕ್ರಗಳು ಹೆಚ್ಚುಕಡಿಮೆ ಸಮನಾಗಿರುವ, ಸರಪಳಿಯಿಂದ ಓಡುವ ರೋವರ್ ಸೈಕಲನ್ನು ಹೊರತಂದರು. 1888ರಲ್ಲಿ ಡನ್‌ಲಪ್ ಗಾಳಿ ತುಂಬಿದ ಟಯರಿಗೆ ಪೇಟೆಂಟ್ ಪಡೆದರು. ಈ ಎರಡು ಸುಧಾರಣೆಗಳಿಂದ ಸೈಕಲ್ ಯಾರೂ ಓಡಿಸಬಹುದಾದ ವಾಹನವಾಯಿತು. ಕುದುರೆಯಂತೆ ಅದಕ್ಕೆ ಮೇವು ಬೇಕಿರಲಿಲ್ಲ, ಗಾಡಿಯಂತೆ ಚಾಲಕ ಬೇಕಿರಲಿಲ್ಲ. ಮಹಿಳೆಯೊಬ್ಬಳು ಯಾರ ನೆರವನ್ನೂ ಕೇಳದೆ ಮನೆಯಿಂದ ಹತ್ತು ಮೈಲು ದೂರ ಹೋಗಿ ಬರಬಹುದಾಗಿತ್ತು. ವಿರೋಧ ಹುಟ್ಟಿದ್ದು ಈ ಕಾರಣಕ್ಕೇ.

ಸೈಕಲ್ ತುಳಿಯುವ ಹೆಂಗಸರ ಮುಖ ಬಿಗಿದು ವಿಕಾರವಾಗುತ್ತದೆ ಎಂದು ಆಗಿನ ಕೆಲವು ವೈದ್ಯರು ಹೆದರಿಸಿದರು. ಪತ್ರಿಕೆಗಳು ವ್ಯಂಗ್ಯಚಿತ್ರ ಬರೆದವು. 1897ರ ಮೇ ತಿಂಗಳಲ್ಲಿ ಕೇಂಬ್ರಿಜ್ ವಿಶ್ವವಿದ್ಯಾನಿಲಯದಲ್ಲಿ ಮಹಿಳೆಯರಿಗೆ ಪೂರ್ಣ ಪದವಿ ಕೊಡಬೇಕೇ ಎಂಬ ಬಗ್ಗೆ ಮತದಾನವಿತ್ತು. ವಿರೋಧಿ ವಿದ್ಯಾರ್ಥಿಗಳು ಸೈಕಲ್ ಏರಿದ ಹೆಣ್ಣಿನ ಗೊಂಬೆಯೊಂದನ್ನು ಬೀದಿಯ ಮೇಲೆ ತೂಗುಹಾಕಿದರು. ಓದುವ ಹೆಣ್ಣನ್ನು ಹಂಗಿಸಲು ಅವರು ಆರಿಸಿಕೊಂಡ ಚಿಹ್ನೆ ಸೈಕಲ್! ಅಂದು ಮಹಿಳೆಯರು ಸೋತರು. ಕೇಂಬ್ರಿಜ್ ಅವರಿಗೆ ಪೂರ್ಣ ಪದವಿ ಕೊಟ್ಟದ್ದು 1948ರಲ್ಲಿ, ನಮ್ಮ ದೇಶ ಸ್ವತಂತ್ರವಾದ ಮೇಲೆ. ಓದು ಮತ್ತು ಓಡಾಟ, ಇವೆರಡೂ ಹೆಣ್ಣಿನ ಬದುಕಿನಲ್ಲಿ ಒಂದಕ್ಕೊಂದು ಅಂಟಿಕೊಂಡಿವೆ ಎಂಬುದನ್ನು ಆ ಗೊಂಬೆ ಕಟ್ಟಿದವರು ಚೆನ್ನಾಗಿಯೇ ಅರಿತಿದ್ದರು.

ಅದೇ 1897ರ ನವೆಂಬರಿನಲ್ಲಿ ಅಮೆರಿಕದ ಮಹಿಳೆಯೊಬ್ಬರು ಭಾರತದ ಪ್ರವಾಸ ಆರಂಭಿಸಿದರು. ಅವರ ಹೆಸರು ಫ್ಯಾನಿ ಬುಲಕ್ ವರ್ಕ್‌ಮನ್. ವಯಸ್ಸು ಮೂವತ್ತೆಂಟು.

ಗವರ್ನರ್ ಮಗಳು

ಫ್ಯಾನಿ 1859ರಲ್ಲಿ ಅಮೆರಿಕದ ವೂಸ್ಟರ್ ನಗರದಲ್ಲಿ ಜನಿಸಿದರು. ತಂದೆ ಅಲೆಕ್ಸಾಂಡರ್ ಬುಲಕ್ ಮ್ಯಾಸಚೂಸೆಟ್ಸ್ ರಾಜ್ಯದ ಗವರ್ನರ್ ಆಗಿದ್ದವರು. ಪತಿ ವಿಲಿಯಂ ಹಂಟರ್ ವರ್ಕ್‌ಮನ್ ವೈದ್ಯರು, ಫ್ಯಾನಿಗಿಂತ ಹನ್ನೆರಡು ವರ್ಷ ದೊಡ್ಡವರು. ಹಣಕ್ಕೆ ಕೊರತೆ ಇರಲಿಲ್ಲ. ದಂಪತಿ ಯುರೋಪಿನಲ್ಲಿ ನೆಲೆಸಿ ಸೈಕಲ್ ಪ್ರವಾಸ ಆರಂಭಿಸಿದರು. ಮಗಳು ರೇಚಲ್ ಬೆಳೆದದ್ದು ಬಹುಮಟ್ಟಿಗೆ ದಾದಿಯರ ಮತ್ತು ವಸತಿಶಾಲೆಗಳ ಆಶ್ರಯದಲ್ಲಿ. ಮಗ ಸೀಗ್‌ಫ್ರೀಡ್ 1893ರಲ್ಲಿ ಎಳೆಯ ಪ್ರಾಯದಲ್ಲೇ ತೀರಿಕೊಂಡ. ಆರು ವರ್ಷಗಳ ನಂತರ ಕಾರಕೋರಂ ಶ್ರೇಣಿಯಲ್ಲಿ ತಾವು ಹತ್ತಿದ ಶಿಖರವೊಂದಕ್ಕೆ ಫ್ಯಾನಿ ಮಗನ ಹೆಸರಿಟ್ಟರು. ಸಾಹಸಿ ಎಂದು ಹೊಗಳುವವರೂ ಮನೆ ಬಿಟ್ಟು ಅಲೆದವಳು ಎಂದು ತೆಗಳುವವರೂ ಈ ತಾಯಿಯ ದುಃಖವನ್ನು ಮರೆಯಬಾರದು.

ಮೊದಲ ದೊಡ್ಡ ಪ್ರವಾಸ ಮುಸ್ಲಿಮ್ ನಾಡಾದ ಅಲ್ಜೀರಿಯಾದಲ್ಲಿ. 1830ರಿಂದ ಫ್ರಾನ್ಸ್‌ನ ವಶದಲ್ಲಿದ್ದ ಆ ದೇಶದಲ್ಲಿ ಅವರು ಅಟ್ಲಾಸ್ ಪರ್ವತಗಳನ್ನು ದಾಟಿ ಸಹಾರಾ ಮರುಭೂಮಿಯ ಅಂಚಿನವರೆಗೆ ಸೈಕಲ್ ತುಳಿದರು. 1895ರಲ್ಲಿ ಪ್ರಕಟವಾದ ಅವರ ಪುಸ್ತಕ ಪ್ರಕೃತಿಯ ಸೌಂದರ್ಯವನ್ನು ವರ್ಣಿಸುತ್ತದೆ, ಅಲ್ಲಿನ ಹೆಂಗಸರ ಕಷ್ಟವನ್ನು ಕಂಡು ಮರುಗುತ್ತದೆ. ಬಳಿಕ ಸ್ಪೇನ್. ಅಲ್ಲಿ ತಲಾ ಒಂಬತ್ತು ಕಿಲೋದಷ್ಟು ಸಾಮಾನು ಹೊತ್ತು, ದಿನಕ್ಕೆ ಸರಾಸರಿ ಎಪ್ಪತ್ತು ಕಿಲೋಮೀಟರಿನಂತೆ ಕ್ರಮಿಸಿದರು.

ಹದಿನಾಲ್ಕು ಸಾವಿರ ಮೈಲು

ಭಾರತಕ್ಕೆ ಬರುವ ಮೊದಲು ಫ್ಯಾನಿ ರಾಮಾಯಣ, ಮಹಾಭಾರತ ಮತ್ತು ಜಾತಕ ಕತೆಗಳನ್ನು ಓದಿಕೊಂಡರು. ದೇಶದ ದಕ್ಷಿಣ ತುದಿಯಿಂದ ಹೊರಟು ಹಿಮಾಲಯದ ಬುಡದವರೆಗೆ ಹೋದರು. ಸಿಲೋನ್, ಬರ್ಮಾ, ಜಾವಾ, ಸಿಯಾಂ ದೇಶಗಳೂ ಸೇರಿ ಸುಮಾರು ಎರಡೂವರೆ ವರ್ಷಗಳ ಸಂಚಾರ. 1904ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ಅವರ ಪುಸ್ತಕದ ಹೆಸರಿನಲ್ಲೇ ‘ಹದಿನಾಲ್ಕು ಸಾವಿರ ಮೈಲು’ ಎಂದಿದೆ. ನಮ್ಮ ಲೆಕ್ಕದಲ್ಲಿ ಸುಮಾರು 22,500 ಕಿಲೋಮೀಟರ್.

ಆಗಿನ ರಸ್ತೆಗಳನ್ನು ಊಹಿಸಿಕೊಳ್ಳಿ. ಡಾಮರು ಇಲ್ಲ. ಎತ್ತಿನ ಗಾಡಿಗಳು ಕೊರೆದ ಆಳದ ಗೆರೆಗಳು. ದಾರಿ ತುಂಬ ಮುಳ್ಳು. ಒಂದೇ ದಿನ ನಲ್ವತ್ತು ಸಲ ಪಂಚರ್ ಆದದ್ದೂ ಇದೆಯಂತೆ. ಚಹಾ, ಸಕ್ಕರೆ, ಬಿಸ್ಕತ್ತು, ಚೀಸ್, ಡಬ್ಬದ ಮಾಂಸ, ನೀರು, ದಿಂಬು, ತಲಾ ಒಂದು ಕಂಬಳಿ, ಬರೆಯುವ ಸಾಮಗ್ರಿ, ಔಷಧಿ, ರಿಪೇರಿಯ ಸಲಕರಣೆ ಇಷ್ಟೇ ಅವರ ಆಸ್ತಿ. ಅಗತ್ಯ ವಸ್ತುಗಳು ಸಿಗಲೆಂದು ರೈಲುಮಾರ್ಗಕ್ಕೆ ಹತ್ತಿರದ ಹೆದ್ದಾರಿಗಳನ್ನೇ ಹಿಡಿಯುತ್ತಿದ್ದರು. ಬೇರೆಲ್ಲೂ ಜಾಗ ಸಿಗದಿದ್ದರೆ ರೈಲು ನಿಲ್ದಾಣದ ನಿರೀಕ್ಷಣಾ ಕೊಠಡಿಯೇ ಮಲಗುವ ಮನೆ. ಅಲ್ಲಿ ಸೊಳ್ಳೆಗಳ ಜೊತೆಗೆ ಇಲಿಗಳ ಕಾಟ ಬೇರೆ.

ನಮ್ಮ ಊರಿನ ಕಡೆ ಆಗ ರೈಲೇ ಇರಲಿಲ್ಲ. ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ. ಘಟ್ಟದ ಮೇಲಿನ ಸರಕು ಬಂಟ್ವಾಳಕ್ಕೆ ಬಂದು, ಅಲ್ಲಿಂದ ನೇತ್ರಾವತಿಯಲ್ಲಿ ದೋಣಿಯೇರಿ ಮಂಗಳೂರು ಸೇರುತ್ತಿದ್ದ ಕಾಲವದು. ಗಂಡಸರಿಗೂ ಪ್ರಯಾಣ ಸುಲಭವಲ್ಲದ ದಿನಗಳು.

ಇಲ್ಲಿ ಒಂದು ಸಂಗತಿ ಗಮನಾರ್ಹ. ಫ್ಯಾನಿ ಸೈಕಲ್ ತುಳಿದದ್ದು ಉದ್ದ ಲಂಗ ಧರಿಸಿಕೊಂಡೇ. ಅದೇ ದಶಕದ ಇನ್ನೊಬ್ಬ ಪ್ರಸಿದ್ಧ ಸೈಕಲ್ ಸವಾರಿಣಿ ಆನಿ ಲಂಡನ್‌ಡೆರಿ ಲಂಗವನ್ನು ಬಿಟ್ಟು ಅಗಲ ಪಾಯಿಜಾಮದಂಥ ಉಡುಪಿಗೆ ಬದಲಾದರು. ಇಬ್ಬರೂ ಗುರಿ ತಲುಪಿದರು. ಹೆಣ್ಣು ಏನು ಉಡಬೇಕೆಂದು ಬೀದಿಯಲ್ಲಿ ನಿಂತು ತೀರ್ಮಾನಿಸುವವರು ಎಲ್ಲ ಕಾಲದಲ್ಲೂ ಇದ್ದಾರೆ. ಅಂದು ಲಂಗ ಬಿಟ್ಟವಳನ್ನು ಹಂಗಿಸಿದರು. 2022ರಲ್ಲಿ ನಮ್ಮ ಕರಾವಳಿಯಲ್ಲಿ ತಲೆವಸ್ತ್ರ ಬಿಡದ ಹುಡುಗಿಯರು ಕಾಲೇಜಿನ ಗೇಟಿನ ಹೊರಗೆ ನಿಲ್ಲಬೇಕಾಯಿತು. ದಾರಿ ಸವೆಸುವುದು ಕಾಲು, ಉಡುಪಲ್ಲ.

ಬಾರದೆಯೇ ಬೇಟೆಯಾಡಿದವರು

ಆನಿ ಲಂಡನ್‌ಡೆರಿಯ ಕತೆ ಸ್ವಾರಸ್ಯಕರ. ಆಕೆಯ ನಿಜ ಹೆಸರು ಆನಿ ಕೊಪ್ಚೊವ್‌ಸ್ಕಿ. ಲಾಟ್ವಿಯಾದಿಂದ ಅಮೆರಿಕಕ್ಕೆ ವಲಸೆ ಬಂದ ಬಡ ಯಹೂದಿ ಮನೆತನದವರು, ಮೂರು ಮಕ್ಕಳ ತಾಯಿ. 1894ರ ಜೂನ್‌ನಲ್ಲಿ ಬೋಸ್ಟನ್ನಿನಿಂದ ‘ಸೈಕಲಿನಲ್ಲಿ ವಿಶ್ವಪರ್ಯಟನೆ’ಗೆ ಹೊರಟರು. ಲಂಡನ್‌ಡೆರಿ ಎಂಬುದು ಅವರಿಗೆ ನೂರು ಡಾಲರ್ ಕೊಟ್ಟ ನೀರಿನ ಕಂಪೆನಿಯ ಹೆಸರು. ಅದನ್ನೇ ತಮ್ಮ ಹೆಸರಾಗಿಸಿಕೊಂಡರು! 1895ರ ಸೆಪ್ಟೆಂಬರಿನಲ್ಲಿ ಷಿಕಾಗೋ ತಲುಪಿ ಪ್ರವಾಸ ಮುಗಿಸಿದರು.

ಭಾರತದಲ್ಲಿ ಹುಲಿ ಬೇಟೆಯಾಡಿದೆನೆಂದು ಅವರು ಸಭೆಗಳಲ್ಲಿ ಹೇಳಿಕೊಂಡರು. ಆದರೆ 1895ರ ಜನವರಿಯಲ್ಲಿ ಫ್ರಾನ್ಸ್‌ನ ಮಾರ್ಸೆಲ್ ಬಂದರಿನಲ್ಲಿ ಹಡಗೇರಿದವರು ಮಾರ್ಚ್ ತಿಂಗಳಲ್ಲೇ ಸ್ಯಾನ್‌ಫ್ರಾನ್ಸಿಸ್ಕೊ ತಲುಪಿದ್ದರು. ಎರಡು ತಿಂಗಳಲ್ಲಿ ಅರ್ಧ ಭೂಮಿಯನ್ನು ಸುತ್ತಿದವರಿಗೆ ಹುಲಿ ಬೇಟೆಗೆ ಬಿಡುವೆಲ್ಲಿ? ದಾರಿಯ ಬಹುಪಾಲು ಹಡಗಿನಲ್ಲೇ ಕಳೆದಿತ್ತು. ಆಕೆಯ ಬಂಧು ಪೀಟರ್ ಝುಟ್ಲಿನ್ 2007ರಲ್ಲಿ ಬರೆದ ಪುಸ್ತಕದಲ್ಲಿ ಇದನ್ನೆಲ್ಲ ಬಿಡಿಸಿಟ್ಟಿದ್ದಾರೆ. ಆನಿಯ ಧೈರ್ಯ ಸುಳ್ಳಲ್ಲ. ಆದರೆ ಭಾರತವೆಂದರೆ ಹುಲಿ ಎಂದು ನಂಬುವ ಕೇಳುಗರಿದ್ದುದರಿಂದಲೇ ಆ ಕತೆ ಮಾರಾಟವಾಯಿತು.

ಹೊರೆ ಹೊತ್ತವರು ಯಾರು?

ಫ್ಯಾನಿ ನಿಜವಾಗಿಯೂ ಬಂದರು, ನೋಡಿದರು. ಆದರೆ ಏನನ್ನು ನೋಡಿದರು? ಇನ್ನೂರಕ್ಕೂ ಹೆಚ್ಚು ಚಿತ್ರಗಳಿರುವ ಅವರ ಪುಸ್ತಕದ ಆಸಕ್ತಿ ಪ್ರಾಚೀನ ವಾಸ್ತುಶಿಲ್ಪದಲ್ಲಿ. ಅವರು ತಿರುಗಾಡಿದ ವರ್ಷಗಳಲ್ಲಿ ಪ್ಲೇಗ್ ಹಬ್ಬುತ್ತಿತ್ತು, 1899-1900ರಲ್ಲಿ ಭೀಕರ ಬರಗಾಲ ಬಂತು. ಕಲ್ಲಿನ ಕಂಬಗಳಿಗೆ ಸಿಕ್ಕ ಗಮನ ಅವುಗಳ ನೆರಳಲ್ಲಿ ಬದುಕುತ್ತಿದ್ದ ಜನರಿಗೆ ಸಿಗಲಿಲ್ಲ.

1898ರ ಬೇಸಿಗೆಯಿಂದ ಫ್ಯಾನಿ ಪರ್ವತಾರೋಹಣದತ್ತ ತಿರುಗಿದರು. 1906ರಲ್ಲಿ ತಮ್ಮ ನಲ್ವತ್ತೇಳನೆಯ ವಯಸ್ಸಿನಲ್ಲಿ ನುನ್ ಕುನ್ ಶ್ರೇಣಿಯ ಪಿನಾಕಲ್ ಶಿಖರವನ್ನು ಹತ್ತಿದರು. ಅದರ ಎತ್ತರ 22,735 ಅಡಿ. ಮಹಿಳೆಯರ ಮಟ್ಟಿಗೆ ಈ ದಾಖಲೆ 1934ರವರೆಗೂ ಉಳಿಯಿತು. 1905ರಲ್ಲಿ ಲಂಡನ್ನಿನ ರಾಯಲ್ ಜಿಯಾಗ್ರಫಿಕಲ್ ಸೊಸೈಟಿಯಲ್ಲಿ ಉಪನ್ಯಾಸ ನೀಡಿದರು. ಆ ಗೌರವ ಪಡೆದ ಎರಡನೆಯ ಮಹಿಳೆ ಅವರು. 1912ರಲ್ಲಿ ಸಿಯಾಚಿನ್ ಹಿಮನದಿಯ ಮೇಲೆ 21,000 ಅಡಿ ಎತ್ತರದಲ್ಲಿ, ಮಹಿಳೆಯರಿಗೆ ಮತದಾನದ ಹಕ್ಕು ಕೇಳುವ ಪತ್ರಿಕೆಯನ್ನು ಕೈಯಲ್ಲಿ ಹಿಡಿದು ಫೋಟೊ ತೆಗೆಸಿಕೊಂಡರು. ಇಂದು ಸೈನಿಕರು ಕಾವಲು ಕಾಯುವ ಅದೇ ಸಿಯಾಚಿನ್.

ಆ ಎತ್ತರಕ್ಕೆ ಅವರ ಡೇರೆ, ಆಹಾರ, ಕ್ಯಾಮರಾಗಳನ್ನು ಹೊತ್ತವರು ಯಾರು? ಬಹುತೇಕ ಬಾಲ್ಟಿಸ್ತಾನದ ಬಡ ಮುಸ್ಲಿಮ್ ರೈತರು. ಕಾಶ್ಮೀರ ಸಂಸ್ಥಾನದಲ್ಲಿ ಬಿಟ್ಟಿ ಚಾಕರಿಯ ಪದ್ಧತಿ ಆಗ ಇನ್ನೂ ಅಳಿದಿರಲಿಲ್ಲ. ವರ್ಕ್‌ಮನ್ ದಂಪತಿಗೂ ಹೊರೆಯಾಳುಗಳಿಗೂ ಮತ್ತೆ ಮತ್ತೆ ಜಗಳವಾಯಿತು, ಆಳುಗಳು ಅರ್ಧದಲ್ಲೇ ಬಿಟ್ಟು ಹೋದದ್ದೂ ಉಂಟು. ದಂಪತಿಯ ಪುಸ್ತಕಗಳಲ್ಲಿ ಅವರು ಸೋಮಾರಿಗಳು, ಮೋಸಗಾರರು. ಹಿಮದಲ್ಲಿ ಹೊರೆ ಹೊತ್ತು ನಡೆದವರ ಮಾತನ್ನು ಮಾತ್ರ ಯಾರೂ ಬರೆದಿಡಲಿಲ್ಲ. ತಮ್ಮ ದೇಶದ ಹೆಣ್ಣಿಗೆ ಸಮಾನತೆ ಕೇಳಿದ ಕಣ್ಣಿಗೆ ಪಕ್ಕದಲ್ಲೇ ನಡೆಯುತ್ತಿದ್ದ ಮನುಷ್ಯ ಸಮಾನನಾಗಿ ಕಾಣಲಿಲ್ಲ. ಫ್ಯಾನಿಯ ಸಾಧನೆಯನ್ನು ನಾವು ಗೌರವಿಸುತ್ತೇವೆ. ಆದರೆ ಈ ಪುಟವನ್ನು ಹರಿದು ಹಾಕಿ ಗೌರವಿಸಲಾರೆವು.

ನಮ್ಮ ಹೆಣ್ಣುಮಕ್ಕಳ ದಾರಿ

ಪ್ರಯಾಣ ಮುಸ್ಲಿಮ್ ಮಹಿಳೆಗೆ ಹೊರಗಿನಿಂದ ಬಂದ ವಿಷಯವಲ್ಲ. ಪ್ರವಾದಿ(ಸ)ಯವರ ಕಾಲದ ಸ್ತ್ರೀಯರು ಒಂಟೆಯೇರಿ ಸಂಚರಿಸುತ್ತಿದ್ದರು. ಒಂಟೆಯೇರುವ ಖುರೈಶ್ ಸ್ತ್ರೀಯರನ್ನು ಪ್ರವಾದಿಯವರು ಹೊಗಳಿದ್ದು ಹದೀಸ್‌ನಲ್ಲಿದೆ. ಫ್ಯಾನಿ ಭಾರತಕ್ಕೆ ಬರುವ ಮೂರು ದಶಕ ಮೊದಲೇ, 1863-64ರಲ್ಲಿ, ಭೋಪಾಲದ ಸಿಕಂದರ್ ಬೇಗಂ ಹಜ್ಜ್ ಯಾತ್ರೆ ಮಾಡಿ ಅದರ ಅನುಭವವನ್ನು ಬರೆದಿಟ್ಟರು. 1905ರಲ್ಲಿ ರುಖಿಯಾ ಸಖಾವತ್ ಹುಸೇನ್ ‘ಸುಲ್ತಾನಾಳ ಕನಸು’ ಎಂಬ ಕತೆಯಲ್ಲಿ ಆಕಾಶದಲ್ಲಿ ಹಾರುವ ವಾಹನದಲ್ಲಿ ಹೆಂಗಸರನ್ನು ಕೂರಿಸಿದರು.

ಆದರೆ ಇವರು ರಾಣಿ, ಲೇಖಕಿ. ಸಾಮಾನ್ಯ ಹೆಣ್ಣಿನ ಕೈಗೆ ಸೈಕಲ್ ಬಂದ ದೊಡ್ಡ ಉದಾಹರಣೆ ನಮ್ಮ ನೆರೆಯ ತಮಿಳುನಾಡಿನ ಪುದುಕೋಟೆ ಜಿಲ್ಲೆಯದು. 1990ರ ದಶಕದ ಆರಂಭದಲ್ಲಿ ಅಲ್ಲಿ ಸಾಕ್ಷರತಾ ಆಂದೋಲನ ನಡೆಯುತ್ತಿದ್ದಾಗ, ಜಿಲ್ಲಾಧಿಕಾರಿಯಾಗಿದ್ದ ಶೀಲಾರಾಣಿ ಚುಂಕತ್ ಅಕ್ಷರದೊಂದಿಗೆ ಸೈಕಲ್ ಕಲಿಕೆಯನ್ನೂ ಸೇರಿಸಿದರು. ಲಕ್ಷದಷ್ಟು ಮಹಿಳೆಯರು ಕಲಿತರು. ಕೂಲಿಕಾರ ಹೆಂಗಸರು, ಕಲ್ಲು ಕ್ವಾರಿಯಲ್ಲಿ ದುಡಿಯುವವರು, ಮುಸ್ಲಿಮ್ ಮನೆಗಳ ಯುವತಿಯರು ಎಲ್ಲರೂ ಅದರಲ್ಲಿದ್ದರು. ಪತ್ರಕರ್ತ ಪಿ. ಸಾಯಿನಾಥ್ ಇದನ್ನು ವಿವರವಾಗಿ ಬರೆದಿದ್ದಾರೆ. ಅಲ್ಲಿ ಸೈಕಲ್ ಸಾಹಸವಾಗಿರಲಿಲ್ಲ. ಬಸ್ಸಿಗೆ ಕಾಯದೆ ಸಂತೆಗೆ ಹೋಗುವುದು, ನೀರು ತರುವುದು, ಮಗುವನ್ನು ಆಸ್ಪತ್ರೆಗೆ ಒಯ್ಯುವುದು, ಹೀಗೆ ದಿನದ ಸಮಯ ಉಳಿಸುವ ಸಾಧನವಾಗಿತ್ತು.

ನಮ್ಮ ರಾಜ್ಯ ಸರಕಾರ 2006-07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಆರಂಭಿಸಿತು. ಕೋವಿಡ್ ಕಾಲದವರೆಗೆ ನಡೆದ ಆ ಯೋಜನೆಯಿಂದ ಎಷ್ಟೋ ಬಡ ಮನೆಗಳ ಅಂಗಳಕ್ಕೆ ಮೊದಲ ಬಾರಿಗೆ ಹೆಣ್ಣುಮಗಳ ಹೆಸರಿನ ವಾಹನವೊಂದು ಬಂತು. ಏಳನೇ ತರಗತಿ ಹತ್ತಿರದಲ್ಲಿ ಮುಗಿದು ಹೈಸ್ಕೂಲು ದೂರವಾದಾಗ ಮೊದಲು ಶಾಲೆ ಬಿಡುವವಳು ಹುಡುಗಿಯೇ ಎಂಬುದು ಹಳ್ಳಿಗಳನ್ನು ಬಲ್ಲ ಎಲ್ಲರಿಗೂ ಗೊತ್ತು. ಆ ನಾಲ್ಕೈದು ಮೈಲುಗಳಲ್ಲಿ ಎಷ್ಟೋ ಹೆಣ್ಣುಮಕ್ಕಳ ಓದು ನಿಂತುಹೋಗಿದೆ.

ಫ್ಯಾನಿ ವರ್ಕ್‌ಮನ್ 1925ರಲ್ಲಿ ಫ್ರಾನ್ಸ್‌ನ ಕಾನ್‌ನಲ್ಲಿ ನಿಧನರಾದರು. ಉಯಿಲಿನಲ್ಲಿ ಅಮೆರಿಕದ ನಾಲ್ಕು ಮಹಿಳಾ ಕಾಲೇಜುಗಳಿಗೆ 1,25,000 ಡಾಲರ್ ಬರೆದಿಟ್ಟರು. ತಮ್ಮ ಹಣದಿಂದ ಜಗತ್ತು ಸುತ್ತಿದವರು ಕೊನೆಗೆ ಇತರ ಹೆಣ್ಣುಮಕ್ಕಳ ಓದಿಗೆ ದಾರಿ ಮಾಡಿದರು. ಅವರಿಂದ ನಾವು ಸ್ವೀಕರಿಸಬೇಕಾದ ಮಾದರಿ ಇದೇ ಎನಿಸುತ್ತದೆ. ಹದಿನಾಲ್ಕು ಸಾವಿರ ಮೈಲು ಎಲ್ಲರಿಂದಲೂ ಆಗದು. ನಮ್ಮ ಹುಡುಗಿಯರಿಗೆ ಬೇಕಾದದ್ದು ಮನೆಯಿಂದ ಶಾಲೆಗೆ ನಾಲ್ಕು ಮೈಲು. ಅದನ್ನು ಅವರು ನಿರ್ಭಯವಾಗಿ, ತಮಗೆ ಒಪ್ಪಿಗೆಯಾದ ಉಡುಪಿನಲ್ಲಿ, ಯಾರ ಗೇಲಿಯನ್ನೂ ಕೇಳದೆ ದಾಟುವಂತಾದರೆ ಸಾಕು. ಮುಂದಿನ ದಾರಿಯನ್ನು ಅವರೇ ಹುಡುಕಿಕೊಳ್ಳುತ್ತಾರೆ.