ಪದವಿಯಿಂದ ಯುದ್ಧವಿಮಾನಕ್ಕೆ

ಕಾಲೇಜಿನಲ್ಲಿ ಓದಿ ಪದವಿಯನ್ನು ಪಡೆದ ತರುಣನೊಬ್ಬನು ವಿಮಾನ ನಡೆಸುವುದನ್ನೂ ತನ್ನ ಸ್ವಂತ ಶ್ರಮದಿಂದ ಕಲಿತಿದ್ದರೆ, ಅವನು ಸೈನ್ಯದ ವೈಮಾನಿಕನಾಗಲು ಎಷ್ಟರಮಟ್ಟಿಗೆ ಅರ್ಹನು? ಆ ಕಲಿಕೆ ಅವನಿಗೆ ಎಲ್ಲಿಯವರೆಗೆ ನೆರವಾಗುತ್ತದೆ, ಎಲ್ಲಿಂದ ಮುಂದಕ್ಕೆ ಸಾಲದೆ ಹೋಗುತ್ತದೆ? ವಾಯುಸೇನೆಯುಳ್ಳ ದೇಶಗಳಲ್ಲೆಲ್ಲ ಈ ಪ್ರಶ್ನೆ ಉಂಟು. ಆದರೆ ನಮ್ಮ ದೇಶದಲ್ಲಿ ಇದರ ಬೆನ್ನಿಗೆ ಇನ್ನೊಂದು ಪ್ರಶ್ನೆಯೂ ಬಹುಕಾಲ ಅಂಟಿಕೊಂಡಿದ್ದಿತು. ಭಾರತೀಯನಾಗಿ ಹುಟ್ಟಿದವನಿಗೆ ಯುದ್ಧವಿಮಾನವನ್ನು ನಡೆಸುವ ಯೋಗ್ಯತೆಯೇ ಉಂಟೆ ಎಂಬುದೇ ಆ ಪ್ರಶ್ನೆ. ಅದಕ್ಕೆ ಉತ್ತರ ಕೊಟ್ಟವರು ವಿಮಾನ ಹಾರಿಸುವುದನ್ನು ಕಲಿತ ಕೆಲವರು ತರುಣರು. ಅವರ ಕಥೆಯನ್ನು ಇಂದು ತಮ್ಮ ಮುಂದೆ ಸಂಗ್ರಹವಾಗಿ ಹೇಳಬೇಕೆಂದಿದ್ದೇನೆ.

ಈ ಕಥೆ ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಆರಂಭವಾಗುತ್ತದೆ. ರಾವಲ್ಪಿಂಡಿಯ ಹರದಿತ್ ಸಿಂಗ್ ಮಲಿಕರು ಬಾಲ್ಯದಲ್ಲಿಯೇ ಇಂಗ್ಲೆಂಡಿಗೆ ಹೋಗಿ, ಆಕ್ಸ್‌ಫರ್ಡಿನ ಬೇಲಿಯಲ್ ಕಾಲೇಜಿನಲ್ಲಿ ಚರಿತ್ರೆಯನ್ನು ವ್ಯಾಸಂಗಮಾಡಿದರು. ಸಸೆಕ್ಸ್ ಪ್ರಾಂತದ ಪರವಾಗಿ ಕ್ರಿಕೆಟ್ ಆಡಿದವರು. ಯುದ್ಧ ಬಂದೊಡನೆ ಅವರ ಇಂಗ್ಲಿಷ್ ಸಹಪಾಠಿಗಳೆಲ್ಲರೂ ಸೈನ್ಯದ ಅಧಿಕಾರಿಗಳಾಗಿ ಹೊರಟರು. ಮಲಿಕರಿಗೆ ಮಾತ್ರ ಆ ಅವಕಾಶ ದೊರೆಯಲಿಲ್ಲ. ಅದೇ ಕಾಲೇಜು, ಅದೇ ಪದವಿ, ಅದೇ ಆಟದ ಬಯಲು. ಆದರೂ ಸೇನೆಯ ಬಾಗಿಲಲ್ಲಿ ಭೇದ. ಅವರು ೧೯೧೬ರಲ್ಲಿ ಫ್ರಾನ್ಸಿಗೆ ಹೋಗಿ ಅಲ್ಲಿನ ರೆಡ್ ಕ್ರಾಸಿನವರ ಆಂಬ್ಯುಲೆನ್ಸ್ ಗಾಡಿಯನ್ನು ನಡೆಸಿದರು. ಬಳಿಕ ಫ್ರೆಂಚರ ವಾಯುದಳವನ್ನು ಸೇರಲು ಯತ್ನಿಸಿದಾಗ ಫ್ರೆಂಚರು ಒಪ್ಪಿದರು. ಈ ಸಂಗತಿಯನ್ನು ತಿಳಿದ ಆಕ್ಸ್‌ಫರ್ಡಿನ ಅವರ ಗುರು ಅರ್ಕ್ವಹರ್ಟರು, ವಾಯುದಳದ ಮುಖ್ಯಸ್ಥರಾದ ಜನರಲ್ ಹೆಂಡರ್ಸನ್ನರಿಗೆ ಕಾಗದ ಬರೆದರು. ಬ್ರಿಟಿಷ್ ಸಾಮ್ರಾಜ್ಯದ ಪ್ರಜೆಯನ್ನು ಬ್ರಿಟನ್ ಬೇಡವೆನ್ನುವುದು, ಫ್ರಾನ್ಸ್ ಬೇಕೆನ್ನುವುದು, ಇದು ನಾಚಿಕೆಗೇಡೆಂಬುದು ಅದರ ತಾತ್ಪರ್ಯ. ೧೯೧೭ರ ಏಪ್ರಿಲ್ ೫ರಂದು ಮಲಿಕರಿಗೆ ರಾಯಲ್ ಫ್ಲೈಯಿಂಗ್ ಕೋರಿನಲ್ಲಿ ಅಧಿಕಾರಿಯ ಪದವಿ ದೊರೆಯಿತು. ತಮ್ಮ ಪಗಡಿಯನ್ನು ತೆಗೆಯದೆ, ಅದರ ಮೇಲೆ ಕೂರುವಂತೆ ಮಾಡಿಸಿದ ದೊಡ್ಡ ಶಿರಸ್ತ್ರಾಣವನ್ನು ಧರಿಸಿ ಅವರು ಹಾರಿದರು. ಅದೇ ವರ್ಷದ ಅಕ್ಟೋಬರ್ ೨೬ರಂದು ನಡೆದ ಹೋರಾಟದಲ್ಲಿ ಕಾಲಿಗೆ ಗುಂಡೇಟು ತಗಲಿದರೂ ವಿಮಾನವನ್ನು ನೆಲಕ್ಕೆ ತಂದರು.

ಕಲ್ಕತ್ತೆಯ ಇಂದ್ರಲಾಲ್ ರಾಯ್ ಎಂಬ ಇನ್ನೊಬ್ಬ ತರುಣನು ಆಕ್ಸ್‌ಫರ್ಡಿನ ವಿದ್ಯಾರ್ಥಿವೇತನವನ್ನು ಗಳಿಸಿದ್ದರೂ, ಹದಿನೆಂಟನೆಯ ವಯಸ್ಸಿನಲ್ಲೇ ವಾಯುದಳವನ್ನು ಸೇರಿದನು. ೧೯೧೮ರ ಜುಲೈ ತಿಂಗಳಲ್ಲಿ ಎರಡು ವಾರ ತುಂಬುವುದರೊಳಗೆ ಹತ್ತು ಜಯಗಳನ್ನು ಪಡೆದು, ಅದೇ ತಿಂಗಳ ೨೨ರಂದು ಯುದ್ಧದಲ್ಲಿ ಮಡಿದನು. ಇವರಿಬ್ಬರಿಗೂ ಸೇನೆಗೆ ಸೇರುವ ಮುನ್ನ ಹಾರಾಟದ ಅನುಭವವಿರಲಿಲ್ಲ. ವಿದ್ಯೆಯ ಬಲದಿಂದಲೂ ಹಿತೈಷಿಗಳ ಸಹಾಯದಿಂದಲೂ ಒಬ್ಬಿಬ್ಬರು ಒಳಗೆ ಹೊಕ್ಕರೆಂದು ಮಾತ್ರ ಹೇಳಬಹುದು. ಯುದ್ಧ ಮುಗಿದ ಮೇಲೆ ಆ ಕಿಂಡಿಯೂ ಮುಚ್ಚಿಹೋಯಿತು.

ಮುಚ್ಚಿದ ಬಾಗಿಲನ್ನು ತೆರೆಯಲು ಎರಡು ಕಡೆಯಿಂದ ಪ್ರಯತ್ನ ನಡೆಯಿತು. ಒಂದು ಕಡೆ ರಾಜಕೀಯ ನಾಯಕರು ಸೇನೆಯ ಭಾರತೀಕರಣಕ್ಕಾಗಿ ಒತ್ತಾಯಪಡಿಸಿದರು. ಅದರ ಫಲವಾಗಿ ನೇಮಕವಾದ ಸ್ಕೀನ್ ಸಮಿತಿಯ ವರದಿ ೧೯೨೭ರಲ್ಲಿ ಪ್ರಕಟವಾಯಿತು. ಇಂಗ್ಲೆಂಡಿನ ಕ್ರಾನ್‌ವೆಲ್ ವಿಮಾನ ಕಾಲೇಜಿಗೆ ಭಾರತೀಯರನ್ನು ಸೇರಿಸಿಕೊಳ್ಳಬೇಕೆಂಬುದು ಆ ಸಮಿತಿಯ ಸಲಹೆಗಳಲ್ಲಿ ಒಂದು. ಇನ್ನೊಂದು ಕಡೆ, ಯಾವ ಗದ್ದಲವೂ ಇಲ್ಲದೆ, ದೆಹಲಿ, ಮುಂಬಯಿ, ಕರಾಚಿ ಮುಂತಾದ ಪಟ್ಟಣಗಳಲ್ಲಿ ಫ್ಲೈಯಿಂಗ್ ಕ್ಲಬ್ಬುಗಳು ಹುಟ್ಟಿಕೊಂಡವು. ಸರ್ಕಾರದ ಧನಸಹಾಯವಿದ್ದ ಈ ಕ್ಲಬ್ಬುಗಳಲ್ಲಿ ಮಾತ್ ಎಂಬ ಎರಡು ಆಸನಗಳ ಹಗುರವಾದ ವಿಮಾನದ ಮೇಲೆ ವಿದ್ಯಾವಂತ ತರುಣರು ಹಾರಾಟವನ್ನು ಅಭ್ಯಾಸಮಾಡಿ 'ಎ' ದರ್ಜೆಯ ಲೈಸೆನ್ಸನ್ನು ಪಡೆಯಬಹುದಾಗಿತ್ತು. ೧೯೨೯ರ ಫೆಬ್ರವರಿ ೧೦ರಂದು ಜೆ. ಆರ್. ಡಿ. ಟಾಟಾ ಅವರಿಗೆ ದೊರೆತ ಲೈಸೆನ್ಸಿನ ಸಂಖ್ಯೆ ಒಂದು.

ಇದು ಸಿರಿವಂತರ ವಿನೋದವೆಂದು ಕೆಲವರು ಅಂದುಕೊಂಡಿರಬಹುದು. ಹಣವಿಲ್ಲದವನಿಗೆ ಇದು ಸುಲಭವಾಗಿರಲಿಲ್ಲವೆಂಬುದೂ ನಿಜವೇ. ಆದರೆ ಲೈಸೆನ್ಸೆಂಬ ಆ ಕಾಗದಕ್ಕೆ ಒಂದು ಗುಣವಿದ್ದಿತು. ಅದು ಶಿಫಾರಸ್ಸಿನ ಪತ್ರವಲ್ಲ. ಇವನು ಇಂಥ ದಿನ, ಇಷ್ಟು ಹೊತ್ತು, ಒಬ್ಬನೇ ವಿಮಾನವನ್ನು ಮೇಲಕ್ಕೇರಿಸಿ, ನಡೆಸಿ, ಕ್ಷೇಮವಾಗಿ ಇಳಿಸಿದ್ದಾನೆ ಎಂಬುದಕ್ಕೆ ಅದು ಸಾಕ್ಷಿ. ಜನಾಂಗದ ಯೋಗ್ಯತೆಯನ್ನು ಕುರಿತು ಎಷ್ಟು ವಾದವನ್ನಾದರೂ ಹೂಡಬಹುದು. ಹಾರಾಟದ ದಿನಚರಿಯಲ್ಲಿ ಬರೆದು ರುಜು ಹಾಕಿದ ಗಂಟೆಗಳನ್ನು ಅಲ್ಲಗಳೆಯಲಾಗದು.

ಈ ಸಾಕ್ಷ್ಯವು ೧೯೩೦ರಲ್ಲಿ ಲೋಕಕ್ಕೆಲ್ಲ ಕಾಣುವಂತಾಯಿತು. ಇಂಗ್ಲೆಂಡಿಗೂ ಭಾರತಕ್ಕೂ ನಡುವೆ ಒಂಟಿಯಾಗಿ, ಗೊತ್ತಾದ ಅವಧಿಯೊಳಗೆ ಹಾರಿದ ಮೊದಲ ಭಾರತೀಯನಿಗೆ ಆಗಾ ಖಾನರು ೫೦೦ ಪೌಂಡುಗಳ ಬಹುಮಾನವನ್ನು ಸಾರಿದ್ದರು. ಮೂವರು ಹೊರಟರು. ಟಾಟಾ ಅವರು ಕರಾಚಿಯಿಂದ ಪಶ್ಚಿಮಕ್ಕೆ. ಆಸ್ಪಿ ಇಂಜಿನಿಯರ್ ಮತ್ತು ಮನಮೋಹನ ಸಿಂಗ್ ಎಂಬಿಬ್ಬರು ಇಂಗ್ಲೆಂಡಿನಿಂದ ಪೂರ್ವಕ್ಕೆ. ಮನಮೋಹನ ಸಿಂಗರು ಬ್ರಿಸ್ಟಲಿನಲ್ಲಿ ಸಿವಿಲ್ ಇಂಜಿನಿಯರಿಂಗ್ ಓದಿ, ವಿಮಾನವಿದ್ಯೆಯನ್ನೂ ಕಲಿತವರು. ತಮ್ಮ ವಿಮಾನಕ್ಕೆ 'ಮಿಸ್ ಇಂಡಿಯಾ' ಎಂದು ಹೆಸರಿಟ್ಟಿದ್ದರು. ಇವರು ಇಂಡಿಯಾ ದೇಶವನ್ನು 'ಮಿಸ್' ಮಾಡುವುದೇ ಸಂಭವವೆಂದು ಇಂಗ್ಲೆಂಡಿನ ವಿಮಾನಪತ್ರಿಕೆಯ ಸಂಪಾದಕರೊಬ್ಬರು ಪರಿಹಾಸ್ಯಮಾಡಿದರು. ಸಿಂಗರು ಇಂಡಿಯಾವನ್ನು ತಪ್ಪಿಸಲಿಲ್ಲ, ಬಂದು ತಲುಪಿದರು. ಆದರೆ ಮಾರ್ಗದ ವಿಘ್ನಗಳಿಂದ ಅವಧಿ ಮೀರಿಹೋಗಿ ಬಹುಮಾನ ಕೈತಪ್ಪಿತು. ಇತ್ತ ಈಜಿಪ್ಟಿನ ಅಬೂಕೀರಿನಲ್ಲಿ ಸ್ಪಾರ್ಕ್ ಪ್ಲಗ್ಗುಗಳಿಲ್ಲದೆ ನಿಂತುಹೋಗಿದ್ದ ಆಸ್ಪಿಗೆ, ಎದುರಿನಿಂದ ಬಂದ ಸ್ಪರ್ಧಿಯಾದ ಟಾಟಾ ಅವರೇ ತಮ್ಮಲ್ಲಿದ್ದುದನ್ನು ಕೊಟ್ಟು ಕಳುಹಿಸಿದರು. ಆಸ್ಪಿ ಮೇ ೧೧ರಂದು ಕರಾಚಿಗೆ ಬಂದಿಳಿದು ಗೆದ್ದನು. ಆಗ ಅವನಿನ್ನೂ ಹದಿಹರೆಯದವನು.

ಅದೇ ವರ್ಷ ಕ್ರಾನ್‌ವೆಲ್ಲಿಗೆ ಭಾರತೀಯ ತರುಣರ ಮೊದಲ ತಂಡ ಹೋಯಿತು. ಸುಬ್ರತೋ ಮುಖರ್ಜಿಯವರು ಅದರಲ್ಲಿದ್ದರು. ೧೯೩೨ರ ಅಕ್ಟೋಬರ್ ೮ರಂದು ಭಾರತೀಯ ವಾಯುಸೇನೆ ಶಾಸನಬದ್ಧವಾಗಿ ಸ್ಥಾಪಿತವಾಯಿತು. ೧೯೩೩ರ ಏಪ್ರಿಲ್ ೧ರಂದು ಕರಾಚಿಯ ಡ್ರಿಗ್ ರೋಡಿನಲ್ಲಿ ನಾಲ್ಕು ವಾಪಿಟಿ ವಿಮಾನಗಳೊಡನೆ ಅದರ ಮೊದಲನೆಯ ಸ್ಕ್ವಾಡ್ರನ್ನು ಆರಂಭವಾಯಿತು. ಬಹುಮಾನ ಗೆದ್ದ ಆಸ್ಪಿಯೂ ಕ್ರಾನ್‌ವೆಲ್ಲಿನಲ್ಲಿ ಕಲಿತು ಈ ಸೇನೆಯನ್ನೇ ಸೇರಿದರು. ಮುಂದೆ ೧೯೬೦ರಲ್ಲಿ ಸ್ವತಂತ್ರ ಭಾರತದ ವಾಯುಸೇನೆಗೆ ಮುಖ್ಯಸ್ಥರಾದರು. ಕ್ಲಬ್ಬಿನ ಹಾರಾಟದಿಂದ ಸೇನೆಯ ಶಿಖರದವರೆಗೆ ದಾರಿಯುಂಟೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಆದರೂ ಆ ದಾರಿ ಬಹಳ ಇಕ್ಕಟ್ಟಾಗಿದ್ದಿತು. ಅದನ್ನು ಅಗಲಮಾಡಿದ್ದು ಎರಡನೆಯ ಮಹಾಯುದ್ಧ. ೧೯೩೯ರಲ್ಲಿ ವಾಯುಸೇನೆಗೆ ಸೇರಿದಂತೆ ಒಂದು ಸ್ವಯಂಸೇವಕ ಮೀಸಲು ದಳವು ಏರ್ಪಟ್ಟಿತು. ಲೈಸೆನ್ಸುಳ್ಳ ವಿದ್ಯಾವಂತರು ಈಗ ಬೇಕಾದವರಾದರು. ಮದರಾಸು, ಮುಂಬಯಿ, ಕಲ್ಕತ್ತ, ಕರಾಚಿ, ಕೊಚ್ಚಿಗಳಲ್ಲಿ ಕರಾವಳಿಯನ್ನು ಕಾಯುವ ತುಕಡಿಗಳಿಗೆ ಇಂಥವರನ್ನು ಸೇರಿಸಿಕೊಂಡರು. ೧೯೪೦ರಲ್ಲಿ ಲೈಸೆನ್ಸುಳ್ಳ ೨೪ ಮಂದಿ ಭಾರತೀಯ ವೈಮಾನಿಕರನ್ನು ಆರಿಸಿ, ಬ್ರಿಟಿಷ್ ವಾಯುಸೇನೆಯಲ್ಲಿ ಕೆಲಸಮಾಡಲು ಹಡಗಿನಲ್ಲಿ ಇಂಗ್ಲೆಂಡಿಗೆ ಕಳುಹಿಸಿದರು. ಶಿಮ್ಲಾದಲ್ಲಿ ಹುಟ್ಟಿದ ಮೊಹಿಂದರ್ ಸಿಂಗ್ ಪುಜ್ಜಿಯವರು ಅವರಲ್ಲೊಬ್ಬರು. ದೆಹಲಿಯ ಕ್ಲಬ್ಬಿನಲ್ಲಿ ಹಾರಾಟ ಕಲಿತು, ವಿಮಾನ ಕಂಪೆನಿಯೊಂದರಲ್ಲಿ ಚಾಲಕರಾಗಿದ್ದು, ಬಳಿಕ ಬರ್ಮಾ ಷೆಲ್ ಕಂಪೆನಿಯಲ್ಲಿ ಉದ್ಯೋಗದಲ್ಲಿದ್ದವರು.

ಇಂಗ್ಲೆಂಡಿನಲ್ಲಿ ಇವರೆಲ್ಲರೂ ಮತ್ತೆ ವಿದ್ಯಾರ್ಥಿಗಳಾಗಬೇಕಾಯಿತು. ಏಕೆಂದರೆ ಕ್ಲಬ್ಬಿನ ವಿಮಾನಕ್ಕೂ ಯುದ್ಧವಿಮಾನಕ್ಕೂ ಇರುವ ಅಂತರ ಬಹಳ ದೊಡ್ಡದು. ಮಾತ್ ವಿಮಾನದ ಯಂತ್ರಕ್ಕೆ ಸುಮಾರು ೧೦೦ ಕುದುರೆಗಳ ಶಕ್ತಿ. ಅದು ಗಂಟೆಗೆ ೧೦೦ ಮೈಲಿಯ ಸುಮಾರಿಗೆ ಹಾರುತ್ತಿತ್ತು. ಹರಿಕೇನ್ ಎಂಬ ಯುದ್ಧವಿಮಾನಕ್ಕೆ ಸಾವಿರ ಕುದುರೆಗಳಿಗೂ ಮೀರಿದ ಶಕ್ತಿ, ೩೦೦ ಮೈಲಿಗೂ ಮಿಕ್ಕ ವೇಗ. ಅದರಲ್ಲಿ ಆಸನ ಒಂದೇ. ಎಂದರೆ ಗುರುವು ಹಿಂದೆ ಕುಳಿತು ತಿದ್ದುವಂತಿಲ್ಲ. ಮೊದಲ ಬಾರಿ ಹತ್ತಿದಾಗಲೇ ಒಬ್ಬನೇ ಹಾರಬೇಕು. ಅದರ ಎಂಟು ಮೆಷಿನ್ ಗನ್ನುಗಳು ಒಟ್ಟಿಗೆ ಗುಂಡು ಹಾರಿಸತೊಡಗಿದರೆ ಕಾಲು ನಿಮಿಷದ ಸುಮಾರಿಗೆ ಮದ್ದೆಲ್ಲ ಮುಗಿದುಹೋಗುವುದು. ಓಡುವ ಗುರಿಯ ಮೇಲೆ ಹೊಡೆದರೆ ಗುಂಡು ಹಿಂದೆ ಬೀಳುವುದು. ಅದು ಮುಂದಿನ ಕ್ಷಣದಲ್ಲಿ ಎಲ್ಲಿರುವುದೋ ಅಲ್ಲಿಗೆ ಹೊಡೆಯಬೇಕು.

ಇದಕ್ಕಿಂತಲೂ ಕಷ್ಟವಾದುದು ಹಳೆಯ ಅಭ್ಯಾಸವನ್ನು ಬಿಡುವುದು. ಪ್ರಯಾಣಿಕರನ್ನು ಒಯ್ಯುವ ಚಾಲಕನು ನೇರವಾಗಿ, ಸಮವಾಗಿ, ಕುಲುಕಾಟವಿಲ್ಲದೆ ಹಾರುವುದನ್ನೇ ಜಾಣತನವೆಂದು ಕಲಿತಿರುತ್ತಾನೆ. ಯುದ್ಧಭೂಮಿಯ ಆಕಾಶದಲ್ಲಿ ಹಾಗೆ ಕೆಲವು ಕ್ಷಣ ನೇರವಾಗಿ ಹಾರಿದವನು ಶತ್ರುವಿಗೆ ಸುಲಭವಾದ ತುತ್ತು. ಮೋಡದೊಳಗೆ ಕಣ್ಣನ್ನು ನಂಬದೆ ಮುಂದಿರುವ ಮುಳ್ಳುಗಳನ್ನು ನಂಬುವುದು, ಜೊತೆಗಾರನ ರೆಕ್ಕೆಯ ಪಕ್ಕದಲ್ಲೇ ತನ್ನ ರೆಕ್ಕೆಯನ್ನಿಟ್ಟು ಹಾರುವುದು, ಹಿಂದಕ್ಕೆ ಮತ್ತೆ ಮತ್ತೆ ತಿರುಗಿ ನೋಡುವುದು, ಇವೆಲ್ಲವೂ ಹೊಸ ಪಾಠಗಳು. ಹಿಂದಿನ ಹಾರಾಟದಿಂದ ಬಂದ ಲಾಭವೇನೆಂದರೆ, ನೆಲವನ್ನು ಬಿಟ್ಟಾಗ ಮನಸ್ಸು ಕಳವಳಪಡದಿರುವುದು. ಕೈಕಾಲುಗಳು ತಮ್ಮ ಕೆಲಸವನ್ನು ತಾವೇ ನೋಡಿಕೊಂಡರೆ ಬುದ್ಧಿಗೆ ಬೇರೆಯದನ್ನು ಕಲಿಯಲು ಬಿಡುವು ದೊರೆಯುತ್ತದೆ. ಪದವಿಯಿಂದ ಬಂದ ಲಾಭವೂ ಇಂಥದೇ: ನಕ್ಷೆ, ಗಣಿತ, ಹವಾಮಾನಗಳ ಪಾಠ ಬೇಗ ಹತ್ತುತ್ತದೆ. ಇಷ್ಟಕ್ಕಿಂತ ಹೆಚ್ಚಿನ ವಿನಾಯಿತಿ ಇಲ್ಲ.

ಪುಜ್ಜಿಯವರು ಈ ಪಾಠಗಳನ್ನೆಲ್ಲ ದಾಟಿ, ಪಗಡಿಯನ್ನು ತೆಗೆಯದೆಯೇ ಹರಿಕೇನ್ ವಿಮಾನವನ್ನು ನಡೆಸಿದರು. ಬ್ರಿಟನ್, ಉತ್ತರ ಆಫ್ರಿಕ, ಬರ್ಮಗಳಲ್ಲಿ ಯುದ್ಧಮಾಡಿ ೧೯೪೫ರಲ್ಲಿ ಡಿ. ಎಫ್. ಸಿ. ಪದಕವನ್ನು ಪಡೆದರು. ಅವರು ತೀರಿಕೊಂಡುದು ೨೦೧೦ರಲ್ಲಿ. ನಾಲ್ಕು ವರ್ಷಗಳ ಮೇಲೆ ಇಂಗ್ಲೆಂಡಿನ ಗ್ರೇವ್ಸೆಂಡ್ ಪಟ್ಟಣದಲ್ಲಿ ಅವರ ಪ್ರತಿಮೆ ನಿಂತಿತು.

ಎಲ್ಲರ ಭಾಗ್ಯವೂ ಹಾಗಿರಲಿಲ್ಲ. 'ಮಿಸ್ ಇಂಡಿಯಾ'ದ ಮನಮೋಹನ ಸಿಂಗರೂ ಮೀಸಲು ದಳವನ್ನು ಸೇರಿ, ನೀರಿನ ಮೇಲೆ ಇಳಿಯಬಲ್ಲ ಕ್ಯಾಟಲೀನ ಎಂಬ ದೊಡ್ಡ ವಿಮಾನದ ನಾಯಕರಾಗಿದ್ದರು. ೧೯೪೨ರ ಮಾರ್ಚ್ ೩ರ ಬೆಳಗ್ಗೆ ಆಸ್ಟ್ರೇಲಿಯದ ಬ್ರೂಮ್ ಬಂದರಿನಲ್ಲಿ, ಜಾವಾದಿಂದ ತಪ್ಪಿಸಿಕೊಂಡು ಬಂದ ಡಚ್ ಹೆಂಗಸರು ಮಕ್ಕಳನ್ನು ಹೊತ್ತ ವಿಮಾನಗಳು ನೀರಿನ ಮೇಲೆ ತಂಗಿದ್ದಾಗ, ಜಪಾನೀ ಯುದ್ಧವಿಮಾನಗಳು ಎರಗಿದವು. ೮೦ಕ್ಕೂ ಹೆಚ್ಚು ಜನ ಸತ್ತರು. ಇಂಗ್ಲೆಂಡಿನಿಂದ ಭಾರತಕ್ಕೆ ಒಂಟಿಯಾಗಿ ಹಾರಿಬಂದ ಮನಮೋಹನ ಸಿಂಗರು ಅವರಲ್ಲೊಬ್ಬರು. ಅದೇ ಜಾತಿಯ ಕ್ಯಾಟಲೀನ ವಿಮಾನಗಳು ಆ ಯುದ್ಧದ ಕಾಲದಲ್ಲಿ ಬೆಂಗಳೂರಿನ ಬೆಳ್ಳಂದೂರು ಕೆರೆಯ ಮೇಲೆ ಇಳಿದು, ಹಿಂದುಸ್ಥಾನ್ ವಿಮಾನ ಕಾರ್ಖಾನೆಯಲ್ಲಿ ರಿಪೇರಿಯಾಗಿ ಹೋಗುತ್ತಿದ್ದುದು ನಮ್ಮ ಊರಿನ ಚರಿತ್ರೆಗೆ ಸೇರಿದ ಸಂಗತಿ.

ಇಲ್ಲಿ ಒಂದು ಆಕ್ಷೇಪಣೆಯನ್ನು ಮರೆಯಬಾರದು. ನಾಯಕರು ಸೆರೆಮನೆಯಲ್ಲಿದ್ದಾಗ, ದೇಶ ಸ್ವಾತಂತ್ರ್ಯಕ್ಕಾಗಿ ಹೋರಾಡುತ್ತಿದ್ದಾಗ, ಈ ವಿದ್ಯಾವಂತರು ಆಳುವವರ ಯುದ್ಧಕ್ಕೆ ಹೋದುದು ಸರಿಯೆ ಎಂದು ಅಂದು ಅನೇಕರು ಕೇಳಿದರು. ಅದು ಕೇಳತಕ್ಕ ಪ್ರಶ್ನೆಯೇ ಆಗಿದ್ದಿತು. ಇಷ್ಟು ಮಾತ್ರ ಹೇಳಬಹುದು: ೧೯೪೭ರ ಅಕ್ಟೋಬರ್ ೨೭ರಂದು ಸೈನಿಕರನ್ನು ಶ್ರೀನಗರಕ್ಕೆ ವಿಮಾನದಲ್ಲಿ ಇಳಿಸಬೇಕಾಗಿ ಬಂದಾಗ, ಆ ಕೆಲಸವನ್ನು ಮಾಡಬಲ್ಲ ಚಾಲಕರು ನಮ್ಮಲ್ಲಿದ್ದರು. ವಾಯುಸೇನೆಯವರೂ, ನಾಗರಿಕ ಕಂಪೆನಿಗಳ ಚಾಲಕರೂ ಅಂದು ಒಟ್ಟಾಗಿ ಹಾರಿದರು. ಹಾಗೆ ಒದಗಿದ ಚಾಲಕರು ಒಂದು ದಿನದಲ್ಲಿ ಸಿದ್ಧರಾದವರಲ್ಲ.

ಇಂದಿನ ಪದ್ಧತಿಯಲ್ಲಿಯೂ ಈ ಚರಿತ್ರೆಯ ಗುರುತನ್ನು ಕಾಣಬಹುದು. ಪದವೀಧರನು ವಾಯುಸೇನೆಯ ಪ್ರವೇಶಪರೀಕ್ಷೆಗೆ ಕುಳಿತು ಹಾರಾಟದ ವಿಭಾಗಕ್ಕೆ ಬರಬಹುದು. ಎನ್. ಸಿ. ಸಿ. ವಾಯುವಿಭಾಗದ 'ಸಿ' ಪ್ರಮಾಣಪತ್ರವುಳ್ಳವರಿಗೆ ಪ್ರತ್ಯೇಕ ಮಾರ್ಗವೂ ಉಂಟು. ವಾಣಿಜ್ಯ ಚಾಲಕನ ಲೈಸೆನ್ಸು ಉಳ್ಳವನಿಗೆ ವಯಸ್ಸಿನ ಮಿತಿಯಲ್ಲಿ ಎರಡು ವರ್ಷಗಳ ರಿಯಾಯಿತಿ ಇದೆ. ಆದರೆ ಚಾಲಕನ ಸಹಜಶಕ್ತಿಯನ್ನು ಅಳೆಯುವ ಪರೀಕ್ಷೆಯಿಂದ ಯಾವ ಲೈಸೆನ್ಸೂ ಬಿಡುಗಡೆ ಕೊಡದು; ಅದರಲ್ಲಿ ಒಮ್ಮೆ ಸೋತವನಿಗೆ ಎರಡನೆಯ ಅವಕಾಶವಿಲ್ಲ. ತೇರ್ಗಡೆಯಾದವರೂ ಹೈದರಾಬಾದಿನ ಬಳಿಯ ದುಂಡಿಗಲ್ ಅಕಾಡೆಮಿಯಲ್ಲಿ ಮೊದಲ ಪಾಠದಿಂದಲೇ ಕಲಿಯಬೇಕು.

ಒಂದು ಕಾಲಕ್ಕೆ ಭಾರತೀಯರಿಗೆ ಮುಚ್ಚಿದ್ದ ಬಾಗಿಲು, ಬಳಿಕ ಬಹುಕಾಲ ಹೆಂಗಸರಿಗೆ ಮುಚ್ಚಿದ್ದಿತು. ೨೦೧೬ರ ಜೂನ್ ೧೮ರಂದು ಅವನಿ ಚತುರ್ವೇದಿ, ಭಾವನಾ ಕಾಂತ್, ಮೋಹನಾ ಸಿಂಗ್ ಎಂಬ ಮೂವರು ಯುದ್ಧವಿಮಾನದ ವಿಭಾಗಕ್ಕೆ ಅಧಿಕಾರಿಗಳಾಗಿ ಸೇರಿದರು. ಮೂವರೂ ಇಂಜಿನಿಯರಿಂಗ್ ಪದವೀಧರೆಯರು. ಭಾವನಾ ಅವರು ಓದಿದುದು ಬೆಂಗಳೂರಿನ ಬಿ. ಎಂ. ಎಸ್. ಕಾಲೇಜಿನಲ್ಲಿ, ಅವನಿ ಅವರು ತಮ್ಮ ವಿದ್ಯಾಪೀಠದ ಫ್ಲೈಯಿಂಗ್ ಕ್ಲಬ್ಬಿನಲ್ಲಿಯೇ ಮೊದಲು ಹಾರಿದವರು. ಮುಂದಿನ ತರಬೇತಿ ಮೂವರಿಗೂ ನಮ್ಮ ಬೀದರಿನಲ್ಲಿ ನಡೆಯಿತು.

ಪದವಿ ಬುದ್ಧಿಯನ್ನು ಹದಗೊಳಿಸುತ್ತದೆ. ಹಾರಾಟದ ಅನುಭವವು ಧೈರ್ಯಕ್ಕೆ ಸಾಕ್ಷಿ ಹೇಳುತ್ತದೆ. ಇವೆರಡನ್ನೂ ಗಳಿಸಿದ ಮೇಲೆಯೂ ಮತ್ತೆ ಶಿಷ್ಯನಾಗಿ ಕುಳಿತುಕೊಳ್ಳಬಲ್ಲ ವಿನಯವುಳ್ಳವನು ವೈಮಾನಿಕ ಯೋಧನಾಗುತ್ತಾನೆ. ಮಲಿಕರಿಂದ ಮೊದಲ್ಗೊಂಡು ಈ ತರುಣಿಯರವರೆಗೆ ನಡೆದುಬಂದ ದಾರಿ ನಮಗೆ ಕಲಿಸುವ ಪಾಠ ಇದೇ ಎಂದು ತಮ್ಮಲ್ಲಿ ಅರಿಕೆಮಾಡಿ, ನನ್ನ ಭಾಷಣವನ್ನು ಮುಗಿಸುತ್ತೇನೆ.